ನೂರ ಹದಿನೆಂಟು ಗಜ

ಬಾಲ್‌ಕ್ರೀ, ಸ್ಕಾಟ್ಲೆಂಡ್
21 ಅಕ್ಟೋಬರ್ 2003

ವಾಲ್ಟರ್,

ಬಾಲ್‌ಕ್ರೀ ಗಾಲ್ಫ್ ಮೈದಾನದ ಏಳನೆಯ ಹೋಲನ್ನು 118 ಗಜದಿಂದ 196 ಗಜಕ್ಕೆ ಉದ್ದ ಮಾಡಬೇಕೆಂದು ಕ್ಲಬ್ಬಿನ ಸಮಿತಿ ಕಳೆದ ವಾರ, 14ನೇ ತಾರೀಖು ಮಂಗಳವಾರ, ಐದರ ವಿರುದ್ಧ ಏಳು ಮತಗಳಿಂದ ತೀರ್ಮಾನಿಸಿದೆ. ಸುದ್ದಿ ತಂದವಳು ನನ್ನ ತಮ್ಮನ ಹೆಂಡತಿ ಸೆಂಗಾ. ಸಮಿತಿಯವರಿಗೆ ಚಹಾ ಮಾಡಿಕೊಡುವುದು ಅವಳೇ. ತಟ್ಟೆ ಎತ್ತುವ ನೆಪದಲ್ಲಿ ಪೂರ್ತಿ ಕೇಳಿಸಿಕೊಂಡು ಬಂದಳು.

ನಾನು ಡೂಗಲ್ ಪೆಟ್ರಿ. ನಲವತ್ತೊಂದು ವರ್ಷ ಆ ಮೈದಾನದ ಹುಲ್ಲು ನೋಡಿಕೊಂಡವನು. ನೀನು ಮರೆತಿರಲಾರೆ. ನಿನ್ನ ವಿಳಾಸ ಹಳೆಯ ಸದಸ್ಯರ ಪಟ್ಟಿಯಲ್ಲಿ ಸಿಕ್ಕಿತು. ಅದು ಈಗಲೂ ಸರಿಯಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ಏಳನೆಯದನ್ನು ಊರವರು ಈಗಲೂ ಸಾಸರ್ ಎಂದೇ ಕರೆಯುತ್ತಾರೆ. ಕುಳಿ ಇರುವ ನುಣುಪು ಹುಲ್ಲಿನ ಗ್ರೀನು ಬೋರಲು ಹಾಕಿದ ಸಾಸರಿನಂತೆ, ಸುತ್ತ ಐದು ಮರಳಗುಂಡಿ. ಯಾವುದೂ ಬದಲಾಗಿಲ್ಲ. ಚಾಂಪಿಯನ್‌ಶಿಪ್ ನಡೆಸುವವರು ಆಗಸ್ಟಿನಲ್ಲಿ ಬಂದು ನೋಡಿ ಹೋದರು. ಈಗಿನ ಆಟಗಾರರಿಗೆ 118 ಗಜವೆಂದರೆ ಮಕ್ಕಳಾಟ, ಅದನ್ನು ಉದ್ದ ಮಾಡಿದರೆ 2008ರ ಪಂದ್ಯ ಬಾಲ್‌ಕ್ರೀಗೆ ಕೊಡುವುದನ್ನು ಯೋಚಿಸುತ್ತೇವೆ ಎಂದರು. ಈಗಿನ ಕ್ಯಾಪ್ಟನ್ ಗ್ರೆಗರ್ ಮೆಕ್‌ಕಾಸ್ಕಿ ಅಷ್ಟಕ್ಕೇ ಕುಣಿಯುತ್ತಿದ್ದಾನೆ.

ಸಭೆಯಲ್ಲಿ ಅವನು ಆಡಿದ ಮಾತು, ಸೆಂಗಾ ಹೇಳಿದಂತೆ: "ಅದು ಹೋಲಲ್ಲ ಕಣ್ರೀ, ಲಾಟರಿ. ಅರವತ್ತನಾಲ್ಕರಲ್ಲಿ ವಾಲ್ಟರ್ ಹಾಲ್ಡೇನ್ ಮೂರು ಹೊಡೆತ ಮುಂದಿದ್ದ. ಮೂರರಲ್ಲಿ ಮುಗಿಸಬೇಕಾದ ಅಲ್ಲಿ ಏಳು ಹೊಡೆದ, ಕಪ್ಪು ಹೋಯ್ತು. ಗಾಳಿ ಬೀಸಿದ್ದಕ್ಕೆ ಕಪ್ಪು ಹೋಗೋದಾದ್ರೆ ಅದನ್ನ ಆಟ ಅಂತಾರಾ?"

ಅಂತಿಮ ತೀರ್ಮಾನ ಮಾರ್ಚ್ 12ರ ಸರ್ವಸದಸ್ಯರ ಸಭೆಯಲ್ಲಿ. ಮೂರರಲ್ಲಿ ಎರಡು ಪಾಲು ಮತ ಬೇಕು. ಇನ್ನೂ ಅತ್ತಿತ್ತ ಇರುವವರು ಸುಮಾರು ಇಪ್ಪತ್ತು ಜನ. ಅವರೆಲ್ಲ ಕೇಳುವುದು ಒಂದೇ: ಅಲ್ಲಿ ಏಳು ಹೊಡೆದವನು ಏನಂತಾನೆ?

ಅದು ಲಾಟರಿಯೋ ಅಲ್ಲವೋ ಎಂದು ನಾಲ್ಕು ಸಾಲು ಬರೆದು ಕಳಿಸು. ಸಭೆಯಲ್ಲಿ ಓದುತ್ತೇನೆ.

ತಮ್ಮ ನಿನಿಯನ್ ಸೆಪ್ಟೆಂಬರ್ 9ರಂದು ತೀರಿಕೊಂಡ. ಶ್ವಾಸಕೋಶ. ನಿನಗೆ ಬೇರೆ ಯಾರೂ ತಿಳಿಸಿರಲಾರರು.

ಡೂಗಲ್ ಪೆಟ್ರಿ


ಓಮರೂ, ನ್ಯೂಜಿಲೆಂಡ್
17 ನವೆಂಬರ್ 2003

ಡೂಗಲ್,

ನಿನ್ನ ಪತ್ರ ಒಂಬತ್ತು ದಿನದಲ್ಲಿ ಬಂತು. ಹುಲ್ಲಿನ ಸುದ್ದಿ ಒಂದೂವರೆ ಪುಟ, ತಮ್ಮನ ಸಾವು ಒಂದೂವರೆ ಸಾಲು. ನೀನು ಬದಲಾಗಿಲ್ಲ.

ಆ ಹೋಲನ್ನು ಒಂದು ಮೈಲಿ ಉದ್ದ ಮಾಡಲಿ, ಇಲ್ಲವೇ ಅಗೆದು ಆಲೂಗಡ್ಡೆ ಹಾಕಲಿ. ನನ್ನ ಅಭಿಪ್ರಾಯ ಏನೂ ಇಲ್ಲ. ಮೂವತ್ತು ವರ್ಷ ಇಲ್ಲಿ ಉಣ್ಣೆ ವ್ಯಾಪಾರ ಮಾಡಿದೆ. ಕುರಿಯ ಉಣ್ಣೆ ಕತ್ತರಿಸುವ ಶೆಡ್ಡಿನಲ್ಲೂ ಒಬ್ಬ ಬಂದು, "ಆ ಏಳು ಹೊಡೆದೋನು ನೀವೇನಾ ಸಾರ್?" ಎಂದು ಕೇಳಿದ್ದಾನೆ. ಹೌದಪ್ಪ, ನಾನೇ ಎಂದೆ. ಅವನಿಗೆ ಅದನ್ನೂ ಹೇಳಿದೆ: ಮೊದಲ ಹೊಡೆತ ಗ್ರೀನು ದಾಟಿ ಹಿಂದಿನ ಮರಳಿಗೆ. ಎರಡನೆಯದು ಅಲ್ಲಿಂದ ಹಾರಿ ಮುಂದಿನ ಮರಳಿಗೆ. ಮೂರನೆಯದು ಆ ಮರಳಲ್ಲೇ ಉಳಿಯಿತು. ನಾಲ್ಕನೆಯದು ಮತ್ತೆ ಆಚೆಗೆ. ಐದಕ್ಕೆ ಗ್ರೀನು. ಆಮೇಲೆ ಎರಡು. ಕಪ್ಪು ಒಂದೇ ಹೊಡೆತದ ಅಂತರದಲ್ಲಿ ಹೋಯಿತು. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಬೇರೆ ಯಾರದೋ ಮನೆಯ ಸಂಗತಿ ಹೇಳಿದಂತಾಗುತ್ತದೆ.

ಇನ್ನೊಂದನ್ನೂ ಹೇಳುತ್ತಲೇ ಬಂದಿದ್ದೇನೆ. ನನ್ನ ಚೀಲ ಹೊತ್ತ ಕ್ಯಾಡಿ, ನಿನ್ನ ತಮ್ಮ, ತಪ್ಪು ಕೋಲು ಕೊಟ್ಟ ಎಂದು. ಒಂಬತ್ತನೇ ನಂಬರಿನದು ಸಾಕಾಗಿದ್ದ ಕಡೆ ಎಂಟನೆಯದು ಕೊಟ್ಟ, ಚೆಂಡು ಹತ್ತು ಹನ್ನೆರಡು ಗಜ ಜಾಸ್ತಿ ಹೋಯಿತು.

ಅವನು ಸತ್ತನೆಂದು ಓದಿ ಏನಾದರೂ ಅನ್ನಿಸಬಹುದು ಎಂದು ಕಾದೆ. ಮಧ್ಯಾಹ್ನದವರೆಗೆ ಕಾದು, ತರಕಾರಿ ತರಲು ಹೋದೆ.

ಸೆಂಗಾ ಹೇಗಿದ್ದಾಳೆ?

ವಾಲ್ಟರ್ ಹಾಲ್ಡೇನ್


ಬಾಲ್‌ಕ್ರೀ
8 ಡಿಸೆಂಬರ್ 2003

ವಾಲ್ಟರ್,

ಸೆಂಗಾ ಕೆಲಸಕ್ಕೆ ಹೋಗುತ್ತಿದ್ದಾಳೆ. ನಿನಿಯನ್‌ನ ಟೋಪಿ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. "ತೆಗೆದು ಎಲ್ಲಿಡ್ಲಿ ಭಾವ?" ಎಂದು ಕೇಳಿದಳು. ಅಲ್ಲೇ ಇದೆ.

ನಿನಗೆ ಏನೂ ಅನ್ನಿಸಲಿಲ್ಲ ಎಂದು ಬರೆದಿದ್ದೀಯ. ನನಗೂ ಹಾಗೇ. ಹೆಣದ ಪೆಟ್ಟಿಗೆಯ ಹಗ್ಗಗಳಲ್ಲಿ ಒಂದನ್ನು ನನ್ನ ಕೈಗೆ ಕೊಟ್ಟಿದ್ದರು. ಇಳಿಸುವಾಗ ನಾನು ನೋಡಿದ್ದು ಗುಂಡಿಯ ಅಂಚನ್ನು. ಹುಲ್ಲು ಚೆನ್ನಾಗಿ ಕತ್ತರಿಸಿದ್ದರು.

ನಿನಗೆ ತಿಳಿದಿರದ ಒಂದು ಸಂಗತಿ ಇದೆ. ನಿನ್ನ ಆ ಪಂದ್ಯದ ನಂತರ ದೊಡ್ಡ ಆಟಗಾರರು ಯಾರೂ ಅವನನ್ನು ಚೀಲ ಹೊರಲು ಕರೆಯಲಿಲ್ಲ. ಅವನು ಬೇಕರಿಯ ವ್ಯಾನು ಓಡಿಸಿದ. ಬನ್ನು ಕೊಳ್ಳುವಾಗ ಜನ, "ಆರು ಕೊಡು ನಿನಿಯನ್. ಎಂಟು ಕೊಟ್ಟುಬಿಟ್ಟೀಯ ಮತ್ತೆ!" ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ಮೂವತ್ತೊಂದು ವರ್ಷ ಅದೇ ಜೋಕು. ಪಬ್ಬಿನಲ್ಲಂತೂ ಅವನ ಹೆಸರೇ ಎಂಟು.

ಹೋಲಿನ ವಿಷಯ. ನಿನ್ನನ್ನು ಒಪ್ಪಿಸಲು ಬರೆಯುತ್ತಿಲ್ಲ. ನನ್ನ ಡೈರಿಯಲ್ಲಿರುವುದನ್ನು ಹೇಳುತ್ತೇನೆ. 1964ರ ನಾಲ್ಕು ದಿನದಲ್ಲಿ ಇಡೀ ಮೈದಾನದಲ್ಲಿ ಅತಿ ಹೆಚ್ಚು ಎರಡುಗಳು ಬಿದ್ದದ್ದು ಏಳನೆಯದರಲ್ಲಿ. ಮೂರು ಹೊಡೆತದ ಹೋಲುಗಳ ಪೈಕಿ ಅತಿ ಹೆಚ್ಚು ಐದುಗಳು ಬಿದ್ದದ್ದೂ ಅಲ್ಲೇ. ಹದಿಮೂರನೆಯದು 221 ಗಜ. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೂರು ಇಲ್ಲವೇ ನಾಲ್ಕು. ದೂರ ಹೆಚ್ಚಿದಷ್ಟೂ ಎಲ್ಲರೂ ಒಂದೇ ಥರ ಆಗುತ್ತಾರೆ. ಗ್ರೀನಿನ ಹತ್ತಿರ ಎಲ್ಲೋ ಬಿದ್ದರೆ ಸಾಕು ಎಂದು ಹೊಡೆಯುತ್ತಾರೆ. ಸಾಸರಿನಲ್ಲಿ ಎಲ್ಲೋ ಎನ್ನುವುದು ನಡೆಯುವುದಿಲ್ಲ. ಚೆಂಡನ್ನು ನಿನಗೆ ಬೇಕಾದ ಕಡೆ, ಬೇಕಾದಷ್ಟು ಎತ್ತರಕ್ಕೆ ನೀನೇ ಇಟ್ಟುಕೊಂಡಿರುತ್ತೀಯ. ಗುರಿ ಕಣ್ಣೆದುರಿಗೇ ಇರುತ್ತದೆ. ತೋಳ್ಬಲ ಬೇಕಿಲ್ಲ. ಹಾಗಾಗಿ ನೆಪವೂ ಇಲ್ಲ. 450 ಗಜದ ಹೋಲಿನಲ್ಲಿ ಮಾಡಿದ ತಪ್ಪನ್ನು ಮುಂದಿನ ಹೊಡೆತದಲ್ಲಿ ಮುಚ್ಚಿಕೊಳ್ಳಬಹುದು.

ಎಂಬತ್ತೊಂದು ವರ್ಷದ ಮಿಸ್ ಲೆಕ್ಕಿ ಹೋದ ಜೂನಿನಲ್ಲಿ ಅಲ್ಲಿ ಎರಡು ಹೊಡೆದರು. ಅದೇ ದಿನ ಮೆಕ್‌ಕಾಸ್ಕಿ ಆರು. ಅವರು ಅವನಿಗೆ, "ಉದ್ದ ಮಾಡಿಸು ಕಂದ. ನಂಗೆ ತಲುಪಕ್ಕಾಗಲ್ಲ, ನಿಂಗೆ ನೆಮ್ಮದಿ" ಎಂದರಂತೆ.

ಡೂಗಲ್


ಓಮರೂ
10 ಜನವರಿ 2004

ಡೂಗಲ್,

ಬನ್ನಿನ ಸಂಗತಿ ನನಗೆ ಗೊತ್ತಿರಲಿಲ್ಲ.

ಇದರ ಜೊತೆ ಒಂದು ಹಾಳೆ ಇದೆ. ಸಭೆಯಲ್ಲಿ ಓದು. ಇನ್ನೇನೂ ಕೇಳಬೇಡ.

ವಾಲ್ಟರ್

(ಜೊತೆಗಿದ್ದ ಹಾಳೆ)

ಬಾಲ್‌ಕ್ರೀ ಸದಸ್ಯರಿಗೆ. ಏಳನೆಯ ಹೋಲು ಲಾಟರಿಯಲ್ಲ. 1964ರಲ್ಲಿ ಅಂದಿನ ಗಾಳಿ ಎಲ್ಲರಿಗೂ ಒಂದೇ ಆಗಿತ್ತು. ನನ್ನ ಕೈಗೆ ಬಂದದ್ದು ತಪ್ಪು ಕೋಲು. ತಪ್ಪು ಕೋಲಿಗೆ ಆ ಹೋಲು ಕೊಟ್ಟ ಶಿಕ್ಷೆ ನ್ಯಾಯವಾದದ್ದು. ಅದನ್ನು ಉದ್ದ ಮಾಡಿದರೆ ತಪ್ಪು ಕೋಲಿಗೂ ಕ್ಷಮೆ ಸಿಗುತ್ತದೆ, ಸರಿ ಕೋಲಿಗೂ ಬೆಲೆ ಇರುವುದಿಲ್ಲ. ಹೇಗಿದೆಯೋ ಹಾಗೇ ಬಿಡಿ. ವಾಲ್ಟರ್ ಹಾಲ್ಡೇನ್.


ಬಾಲ್‌ಕ್ರೀ
26 ಜನವರಿ 2004

ವಾಲ್ಟರ್,

ನಿನ್ನ ಹಾಳೆ 20ನೇ ತಾರೀಖು ತಲುಪಿತು. ನನಗೆ ಬೇಕಿದ್ದದ್ದು ಅದೇ. ಅದನ್ನು ಓದಿದರೆ ಆ ಇಪ್ಪತ್ತು ಜನ ನಮ್ಮ ಕಡೆ ಬರುತ್ತಾರೆ, ಹೋಲು ಉಳಿಯುತ್ತದೆ. ಆದರೆ ಓದಲಾರೆ. ಕಾರಣ ಕೆಳಗಿದೆ.

1964ರಲ್ಲಿ ನಾನು ಹುಲ್ಲಿನ ಕೆಲಸದಲ್ಲಿ ಎರಡನೇ ಆಳು. ಪಂದ್ಯದ ವಾರ ಹದಿನೆಂಟು ಟೀಗಳ ಬಿಳಿ ದಿಮ್ಮಿಗಳನ್ನು ಇಡುವುದು ನನ್ನ ಕೆಲಸ. ಎರಡು ದಿಮ್ಮಿಗಳ ನಡುವಿನಿಂದ ಮೊದಲ ಹೊಡೆತ ಹೊಡೆಯಬೇಕು, ದೂರದ ಲೆಕ್ಕ ಅಲ್ಲಿಂದಲೇ. ಬೆಳಗಿನ ನಾಲ್ಕೂವರೆಗೆ ಇಟ್ಟು, ದೂರಗಳನ್ನು ಚೀಟಿಯಲ್ಲಿ ಬರೆದು ಆಟ ಶುರು ಮಾಡಿಸುವ ಸ್ಟಾರ್ಟರನ ಗುಡಿಸಲಿನ ಹಲಗೆಗೆ ಚುಚ್ಚುತ್ತಿದ್ದೆ. ಐದಕ್ಕೆ ಕ್ಯಾಡಿಗಳು ಬಂದು ಹೆಜ್ಜೆ ಹಾಕಿ ಅಳೆದುಕೊಂಡು ಹೋಗುತ್ತಿದ್ದರು. ಕೊನೆಯ ದಿನ ಏಳನೆಯದನ್ನು 118ಕ್ಕೆ ಇಟ್ಟೆ. ಕ್ಯಾಡಿಗಳು ಹೋದ ಮೇಲೆ, ಆರು ಗಂಟೆಗೆ, ಮತ್ತೆ ನೋಡಿದರೆ ಅಲ್ಲಿ ನೆಲ ಕಿತ್ತು ಹೋಗಿತ್ತು, ಎಡಗಾಲು ಜಾರುವಂತಿತ್ತು. ದಿಮ್ಮಿಗಳನ್ನು ಹನ್ನೊಂದು ಗಜ ಮುಂದಕ್ಕೆ ತಂದೆ. ಹೋಗಿ ಚೀಟಿ ತಿದ್ದಬೇಕಿತ್ತು. ಅಷ್ಟರಲ್ಲಿ ಹದಿನೈದನೆಯ ಹೋಲಿನಲ್ಲಿ ಮೊಲ ಗ್ರೀನು ಕೆರೆದಿದೆ ಎಂದು ಕೂಗಿದರು. ಓಡಿದೆ. ಚೀಟಿ ಮರೆತೆ.

ಆರೂ ನಲವತ್ತಕ್ಕೆ ಮನೆಯಲ್ಲಿ ನಿನಿಯನ್ ನನ್ನೆದುರಿಗೇ ಕೂತು ಗಂಜಿ ಕುಡಿದ. ಆ ವಾರ ಪೂರ್ತಿ ಮೈದಾನದ ಮಾತು ಮೇಜಿನ ಮೇಲೆ ಬರಬಾರದೆಂದು ನಾವೇ ಮಾಡಿಕೊಂಡ ಕಟ್ಟಳೆ ಇತ್ತು. ಅಣ್ಣ ದಿಮ್ಮಿ ಇಡುವವನು, ತಮ್ಮ ಗೆಲ್ಲಬಹುದಾದವನ ಚೀಲ ಹೊರುವವನು. ಊರ ಬಾಯಿಗೆ ಬೀಳಬಾರದೆಂದು. ಅಮ್ಮ ಇಬ್ಬರ ಮುಖವನ್ನೂ ನೋಡಿ, "ಏನ್ರೋ, ಇಲ್ಯಾರಾದ್ರೂ ಸತ್ತಿದಾರಾ?" ಎಂದು ಕೇಳಿದ್ದು ನೆನಪಿದೆ. ಅವನು ಉಪ್ಪು ಕೇಳಿದ. ಕೊಟ್ಟೆ.

ಆ ಕಾಲದಲ್ಲಿ ಮುಂದಿದ್ದವರೇ ಕೊನೆಗೆ ಆಡುವ ಪದ್ಧತಿ ಇರಲಿಲ್ಲ. ನಿಮ್ಮದು ಎರಡನೇ ಜೋಡಿ. ಎಂಟೂಕಾಲಿಗೆ ನೀವು ಏಳನೆಯದಕ್ಕೆ ಬಂದಾಗ ನಿನಿಯನ್ ಲೆಕ್ಕದಲ್ಲಿ ಅದು 118. ನೆಲದ ಮೇಲೆ 107. ನೀವು ದಾಟಿ ಹೋದ ಮೇಲೆ, ಒಂಬತ್ತಕ್ಕೆ, ಚೀಟಿ ತಿದ್ದಿದೆ. ಯಾರೂ ನೋಡಲಿಲ್ಲ.

ನಿನಿಯನ್ ಲೆಕ್ಕ ತಪ್ಪಲಿಲ್ಲ. ತಪ್ಪಿದವನು ನಾನು. ಮೂವತ್ತೊಂಬತ್ತು ವರ್ಷ ಅವನನ್ನು ಎಂಟು ಎಂದು ಕರೆಯುವುದನ್ನು ಪಕ್ಕದಲ್ಲೇ ಕೂತು ಕೇಳಿದೆ. ಆಸ್ಪತ್ರೆಯಲ್ಲಿ ಹೇಳಬೇಕೆಂದು ಮೂರು ಸಲ ಹೋದೆ. ಮೂರು ಸಲವೂ ಹವಾಮಾನ ಹೇಳಿ ಬಂದೆ.

ನಿನ್ನ ಹಾಳೆ ಓದಿದರೆ ಹೋಲು ಉಳಿಯುತ್ತದೆ, ಅವನ ಹೆಸರು ಇನ್ನೊಂದು ಸಲ, ಸೆಂಗಾಳ ಎದುರಿಗೇ, ಕೆಡುತ್ತದೆ. ನಾನು ಎದ್ದು ನಿಜ ಹೇಳಿದರೆ ಮೆಕ್‌ಕಾಸ್ಕಿಗೆ ಅಷ್ಟೇ ಸಾಕು. ಗಾಳಿಯೂ ಅಲ್ಲ, ಹುಲ್ಲು ಕತ್ತರಿಸುವವನ ಮರೆವು ಕಪ್ಪು ಕಸಿದುಕೊಂಡಿತು ಎನ್ನುತ್ತಾನೆ. ಅವನು ಹೇಳುವುದೂ ಸುಳ್ಳಲ್ಲ. ಹೋಲು ಹೋಗುತ್ತದೆ.

ಹಾಳೆ ನಿನ್ನದು. ಏನು ಮಾಡಬೇಕೆಂದು ನೀನೇ ತಿಳಿಸು.

ಡೂಗಲ್


ಓಮರೂ
14 ಫೆಬ್ರವರಿ 2004

ಡೂಗಲ್,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕೂತದ್ದು ಇವತ್ತು.

ದಿಮ್ಮಿ ಸರಿದದ್ದು ನಿನಿಯನ್‌ಗೆ ಗೊತ್ತಿತ್ತು.

ಟೀ ಹತ್ತಿದ ಕೂಡಲೇ ಅವನು ಚೀಲ ಇಳಿಸದೆ ಹಿಂದಕ್ಕೆ ನಡೆದು ಹೋದ. ಹುಲ್ಲಿನ ಮೇಲೆ ಇಬ್ಬನಿ ಇತ್ತು. ಇಬ್ಬನಿ ಇಲ್ಲದ ಎರಡು ಚೌಕ ಮಚ್ಚೆಗಳನ್ನು ನೋಡಿ, ಅಲ್ಲಿಂದ ಹೆಜ್ಜೆ ಎಣಿಸಿಕೊಂಡು ಬಂದ. ಬಂದವನು ನನ್ನ ಕಿವಿಯ ಹತ್ತಿರ ಹೇಳಿದ:

"ದಿಮ್ಮಿ ಮುಂದಕ್ಕೆ ಬಂದಿದೆ. ಹನ್ನೊಂದು. ಒಂಬತ್ತು ತಗೋ."

"ಹಲಗೆ ಮೇಲೆ ನೂರ ಹದಿನೆಂಟು ಅಂತ ಇದೆ. ನಾನೇ ಓದ್ಕೊಂಡ್ ಬಂದಿದ್ದೀನಿ."

"ಹಲಗೆ ಬಿಡು. ನೆಲ ನೋಡು."

"ಅಂದ್ರೆ ನಿಮ್ಮಣ್ಣಂಗೆ ಎಣಿಸಕ್ಕೆ ಬರಲ್ಲ ಅಂತೀಯಾ?"

ಇದನ್ನು ನಾನು ಜೋರಾಗಿಯೇ ಅಂದೆ. ಹಗ್ಗದ ಆಚೆ ಜನ ಇದ್ದರು, ಇಬ್ಬರು ಮೂವರು ನಕ್ಕರು. ಅವನು ಅವರ ಕಡೆ ನೋಡಿದ. ನಾನು ಕೈ ಚಾಚಿ ಎಂಟು ಕೇಳಿದೆ. ಕೊಟ್ಟ.

ಏಳು ಬಿದ್ದ ಮೇಲೆ ಆ ಕೋಲನ್ನು ಅವನ ಕಾಲ ಬುಡಕ್ಕೆ ಎಸೆದೆ. "ನೀನೇ ಕೊಟ್ಟಿದ್ದು ಇದನ್ನ!" ಎಂದು ಕೂಗಿದೆ. ಪತ್ರಿಕೆಯವರು ಬರೆದುಕೊಂಡರು. ಅವನು ಕೋಲು ಎತ್ತಿ, ಮರಳು ಒರೆಸಿ, "ಹೌದು, ನಾನೇ ಕೊಟ್ಟೆ" ಎಂದ. ಆ ಮಾತು ಸುಳ್ಳೂ ಅಲ್ಲ. ಕೈಯಿಂದ ಕೊಟ್ಟವನು ಅವನೇ.

ಅವನು ಯಾರಿಗೂ ಯಾಕೆ ಹೇಳಲಿಲ್ಲ ಎಂದು ನೀನು ಕೇಳಬಹುದು. ನನಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತದೆ. ಹೇಳಿದ್ದರೆ ಆ ವಾರವೇ ನಿನ್ನ ಕೆಲಸ ಹೋಗುತ್ತಿತ್ತು.

ಮೆಕ್‌ಕಾಸ್ಕಿ ಏನೆಂದಾನು ಎಂದು ಹೆದರಬೇಡ. ಹೋಲು ಏನನ್ನೂ ಬಚ್ಚಿಟ್ಟಿರಲಿಲ್ಲ. ಉತ್ತರ ನೆಲದ ಮೇಲೇ ಇತ್ತು, ಒಬ್ಬ ಓದಿದ, ಬಾಯಿ ಬಿಟ್ಟು ಹೇಳಿದ. ಕೇಳದವನು ಏಳು ಹೊಡೆದ. 196 ಗಜದಲ್ಲಿ ಹನ್ನೊಂದು ಗಜ ಯಾರ ಲೆಕ್ಕಕ್ಕೂ ಬರುವುದಿಲ್ಲ. ನನ್ನಂಥವನು ಅಲ್ಲಿ ಮೂರು ಹೊಡೆದು ನಗುತ್ತಾ ಎಂಟನೆಯದಕ್ಕೆ ಹೋಗುತ್ತಾನೆ.

ಹಳೆಯ ಹಾಳೆ ಹರಿದು ಹಾಕು. ಈ ಪತ್ರವನ್ನೇ ಓದು. ನಡುವೆ ಬಿಟ್ಟು ಓದಬೇಡ.

ವಾಲ್ಟರ್


ಬಾಲ್‌ಕ್ರೀ
15 ಮಾರ್ಚ್ 2004

ವಾಲ್ಟರ್,

ಏಳನೆಯ ಹೋಲನ್ನು ಉದ್ದ ಮಾಡುವ ಠರಾವು ಶುಕ್ರವಾರ ಬಿದ್ದುಹೋಯಿತು. ಹಾಜರಿದ್ದವರು 131. ಬೇಕಿದ್ದ ಮತ 88, ಬಂದದ್ದು 74. ಎಣಿಸಿದವರು ಕಾರ್ಯದರ್ಶಿ ಮತ್ತು ಮಿಸ್ ಲೆಕ್ಕಿ. ಚಾಂಪಿಯನ್‌ಶಿಪ್ ಬಾಲ್‌ಕ್ರೀಗೆ ಬರುವುದಿಲ್ಲ ಎಂದು ಮೆಕ್‌ಕಾಸ್ಕಿ ಅಲ್ಲೇ ಹೇಳಿದ. ಇವತ್ತು ಫೋನಿನಲ್ಲಿ ಅದು ಖಚಿತವಾಯಿತಂತೆ.

ನಿನ್ನ ಪತ್ರ ನಾಲ್ಕನೆಯ ವಿಷಯವಾಗಿ ಬಂತು. ಮೊದಲು ನನ್ನದನ್ನು ಹೇಳಿದೆ, ದಿಮ್ಮಿ, ಚೀಟಿ, ಮೊಲ. ಆಮೇಲೆ ನಿನ್ನದನ್ನು ಓದಿದೆ. ಏನೂ ಬಿಡಲಿಲ್ಲ. ಒಟ್ಟು ಹನ್ನೊಂದು ನಿಮಿಷ ಆಯಿತೆಂದು ಕಾರ್ಯದರ್ಶಿ ಬರೆದುಕೊಂಡಿದ್ದಾರೆ. ಓದುವಾಗ ಧ್ವನಿ ನಡುಗಲಿಲ್ಲ. ನಡುಗಬಹುದೇನೋ ಎಂದುಕೊಂಡಿದ್ದೆ.

ಓದಿ ಮುಗಿಸಿ ತಲೆಯೆತ್ತಿದೆ. ಹಿಂದಿನ ಸಾಲಿನಲ್ಲಿ ಒಬ್ಬ, ಬನ್ನಿನ ಜೋಕು ಎಲ್ಲರಿಗಿಂತ ಜಾಸ್ತಿ ಹೇಳುತ್ತಿದ್ದವನೇ, ತನ್ನ ಬೂಟು ನೋಡುತ್ತಿದ್ದ. ಸೆಂಗಾ ಕೆಟಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಚಹಾ ಆರ್ತಾ ಇದೆ. ಕುಡಿಯೋರು ಕುಡೀರಿ, ಓಟು ಹಾಕೋರು ಹಾಕಿ," ಎಂದಳು.

ಎಲ್ಲರೂ ಹೋದ ಮೇಲೆ ಅವಳು ಬಟ್ಟಲು ತೊಳೆದಳು, ನಾನು ಒರೆಸಿದೆ. ತೊಳೆಯುತ್ತಲೇ ಹೇಳಿದಳು:

"ಒಂಬತ್ತು ಅಂದಿದ್ನಾ."

"ಹೂಂ."

"ಮನೇಲಿ ಒಂದು ದಿನ ಬಾಯಿ ಬಿಡ್ಲಿಲ್ಲ, ಭಾವ. ನಾನೂ ತಮಾಷೆ ಮಾಡ್ತಿದ್ದೆ. ಮದುವೆ ದಿನ ಸಮೇತ." ಇನ್ನೊಂದು ಬಟ್ಟಲು ಕೈಗೆ ಕೊಟ್ಟಳು. "ವಾಲ್ಟರೋ ನೀವೋ, ಒಬ್ರು ಸೆಪ್ಟೆಂಬರಿಗೆ ಮುಂಚೆ ಹೇಳ್ಬಹುದಿತ್ತು."

"ಹೇಳ್ಬಹುದಿತ್ತು," ಎಂದೆ.

ಮರುದಿನ ಅವಳ ಮನೆಗೆ ಹೋದಾಗ ಬಾಗಿಲ ಹಿಂದೆ ಟೋಪಿ ಇರಲಿಲ್ಲ. ಎಲ್ಲಿಟ್ಟಳೋ ನಾನು ಕೇಳಲಿಲ್ಲ.

ನೀನು ಬರುತ್ತೇನೆಂದು ಬರೆದಿಲ್ಲ. ಆದರೂ ಮೇ 18, ಮಂಗಳವಾರ, ಬೆಳಿಗ್ಗೆ 9:10ಕ್ಕೆ ಸ್ಟಾರ್ಟರನ ಪುಸ್ತಕದಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಕ್ಯಾಡಿಯ ಕಾಲಮಿನಲ್ಲಿ ನನ್ನ ಹೆಸರಿದೆ. ನನ್ನ ಮೊಣಕಾಲು ಏಳನೆಯ ಹೋಲಿನವರೆಗೆ ಬರುತ್ತದೆ, ಅದರಾಚೆ ಬರುವುದಿಲ್ಲ. ಬಾರದಿದ್ದರೆ ಮೇ 10ರೊಳಗೆ ತಿಳಿಸು, ಆ ಹೊತ್ತನ್ನು ಬೇರೆಯವರಿಗೆ ಕೊಡುತ್ತಾರೆ.

ಡೂಗಲ್ ಪೆಟ್ರಿ